ರೆಕ್ಕೆಯೂ ಒಡಲೂ ಒಂದೇ ಆದ ವಿಮಾನದಲ್ಲಿ ಕೂತರೆ ಹೊಟ್ಟೆ ತೊಳಸುತ್ತದಾ?

ಅಗಲವಾದ ಒಡಲು ರೆಕ್ಕೆಯೊಳಗೇ ಬೆರೆತುಹೋದ ಇಂತಹ ವಿಮಾನಕ್ಕೆ (ಬ್ಲೆಂಡೆಡ್ ವಿಂಗ್ ಬಾಡಿ) ಇಂಧನ ಕಡಿಮೆ ಸಾಕು, ನಿಜ. ಪ್ರಯಾಣದ ಸುಖ ಮಾತ್ರ ನೀವು ಕೂತ ಸೀಟಿನ ಮೇಲಿದೆ.

ನಮ್ಮ ಬಳ್ಳಾರಿ ಹತ್ತಿರದ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದ ಎಟಿಆರ್-72 ಎಂಬ ಸಣ್ಣ ವಿಮಾನ ನೆನಪಿಸಿಕೊಳ್ಳಿ. ಸಾಲಿಗೆ ನಾಲ್ಕೇ ಸೀಟು. ಕಿಟಕಿ ಸೀಟು ವಿಮಾನದ ನಡುಗೆರೆಯಿಂದ ಸುಮಾರು 1 ಮೀಟರ್ ದೂರ. ತಿರುಗುವಾಗ ವಿಮಾನ 25 ಡಿಗ್ರಿ ವಾಲಿದರೆ ಒಂದೂವರೆ ಅಡಿಯಷ್ಟು ಏಳುತ್ತೀರಿ ಇಲ್ಲವೇ ಇಳಿಯುತ್ತೀರಿ, ಅಷ್ಟೇ. ರೆಕ್ಕೆ-ಒಡಲು ಒಂದಾದ ಅಗಲ ವಿಮಾನದಲ್ಲಿ ನಡುಗೆರೆಯಿಂದ 6 ಮೀಟರ್ ಆಚೆ ಕೂತವರು ಅದೇ ತಿರುವಿಗೆ ಸುಮಾರು 8 ಅಡಿ! ಕೊಪ್ಪಳದ ಜಾತ್ರೆಯಲ್ಲಿ ಜೈಂಟ್ ವೀಲ್ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಜುಮ್ಮೆನ್ನುತ್ತದೆ, ಅಲ್ವಾ? ಹಾಗೆ. ನಿಧಾನವಾಗಿ ವಾಲಿಸಿದರೆ ತೊಂದರೆ ಬಹಳ ತಗ್ಗುತ್ತದೆ.

ನನಗೆ ಜಾಸ್ತಿ ಚಿಂತೆ ಕಿಟಕಿಯದ್ದು. ನಡುವೆ ಕೂತವರಿಗೆ ಹೊರಗೆ ಏನೂ ಕಾಣುವುದಿಲ್ಲ. ಒಳಕಿವಿಗೆ ವಾಲುವುದು ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ವಾಕರಿಕೆ ಶುರುವಾಗುವುದೇ ಅಲ್ಲಿ.