ಓದುಗರ ಪ್ರಶ್ನೆ: ಲೇಸರ್ ಬೆಳಕಿಗೆ ಕ್ಯಾನ್ಸರ್ ಕಾಣುವುದೇ?

ಪ್ರಶ್ನೆ: ಲೇಸರ್ ಹಾಯಿಸಿದರೆ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯುತ್ತದಂತೆ. ತುಂಡು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಗೋಳು ಇನ್ನು ತಪ್ಪೀತೇ?

ಉತ್ತರ: ಸದ್ಯಕ್ಕಿಲ್ಲ. ಸಿ.ವಿ. ರಾಮನ್ 1928ರಲ್ಲಿ ಕಂಡುಕೊಂಡ ಬೆಳಕಿನ ಚದುರಿಕೆಯೇ ಈ ವಿಧಾನದ (ರಾಮನ್ ರೋಹಿತ ವಿಶ್ಲೇಷಣೆ) ಬಂಡವಾಳ. ಅಂಗಾಂಶದಿಂದ ಚದುರುವ ಬೆಳಕು ಬಹುಪಾಲು ಬಂದ ಬಣ್ಣದಲ್ಲೇ ಮರಳುತ್ತದೆ. ಕೋಟಿಗೊಂದರಂತೆ ಯಾವುದೋ ಫೋಟಾನ್ ಅಣುವಿನ ಕಂಪನಕ್ಕೆ ತುಸು ಶಕ್ತಿ ತೆತ್ತು ಬಣ್ಣ ಬದಲಿಸುತ್ತದೆ. ಆ ಬದಲಾವಣೆಯನ್ನು ಸೆಂಟಿಮೀಟರಿಗೆ ಇಷ್ಟು ಎಂಬ ತರಂಗಸಂಖ್ಯೆಯಲ್ಲಿ ಅಳೆದರೆ ಅಲ್ಲಿ ಯಾವ ಅಣುಗಳಿವೆ ಎಂದು ಗೊತ್ತಾಗುತ್ತದೆ. ಹೀಗೆ ಅಳೆದು ಬರೆದ ಗೆರೆಚಿತ್ರವೇ ರೋಹಿತ; ಅದರಲ್ಲಿ ಒಂದೊಂದು ಬಗೆಯ ಕಂಪನ ಅದರದರ ತರಂಗಸಂಖ್ಯೆಯಲ್ಲಿ ಶಿಖರವಾಗಿ ಕಾಣುತ್ತದೆ.

ಸ್ತನವನ್ನೇ ನೋಡಿ. ಆರೋಗ್ಯವಾಗಿರುವ ಭಾಗದಲ್ಲಿ ಕೊಬ್ಬು ಹೆಚ್ಚು, ಹಾಗಾಗಿ 1300 ಮತ್ತು 1440ರ ಶಿಖರಗಳು ಎದ್ದು ನಿಲ್ಲುತ್ತವೆ. ಗಡ್ಡೆಯಲ್ಲಿ ಅವು ಕುಗ್ಗಿ, 1004ರಲ್ಲಿ ಪ್ರೋಟೀನಿನ ಘಟಕವಾದ ಫಿನೈಲ್‌ಅಲನೈನ್, 1655ರ ಸುತ್ತ ಪ್ರೋಟೀನಿನ ಅಮೈಡ್ ಪಟ್ಟಿ ಮೇಲೇಳುತ್ತವೆ. ಇಲ್ಲೇ ಹಲವರು ಎಡವುವುದು: ಕೊಬ್ಬಿಗೂ 1655ರ ಬಳಿ ಒಂದು ಶಿಖರವಿದೆ. ಚೂಪಾಗಿದ್ದರೆ ಕೊಬ್ಬು, ಅಗಲವಾಗಿದ್ದರೆ ಪ್ರೋಟೀನ್. ಅನುಮಾನ ಬಂದರೆ 1745 ನೋಡಿ. ಕೊಬ್ಬಿದ್ದರೆ ಅಲ್ಲೂ ಸುಳಿವು ಸಿಗುತ್ತದೆ. ಆದರೆ ಅಪಾಯವಿಲ್ಲದ ನಾರುಗಡ್ಡೆಯಲ್ಲೂ ಪ್ರೋಟೀನೇ ಹೆಚ್ಚು. ಆದ್ದರಿಂದ ಕೊನೆಯ ಮಾತು ಇನ್ನೂ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಸ್ಟರದ್ದೇ. ಎಲ್ಲಿಂದ ತುಂಡು ತೆಗೆಯಬೇಕು, ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿದಿದೆಯೇ ಎಂದು ಹುಡುಕುವಲ್ಲಿ ಬೆಳಕಿನ ನೆರವು ದೊಡ್ಡದಾಗಬಹುದು.

ಪ್ರಶ್ನೆ: ನಮ್ಮದು 785 ನ್ಯಾನೋಮೀಟರ್ ಲೇಸರ್. ಆಸ್ಪತ್ರೆಯ ಸ್ಲೈಡುಗಳಲ್ಲಿ ಗಡ್ಡೆಗೂ ಆರೋಗ್ಯದ ಭಾಗಕ್ಕೂ ಒಂದೇ ರೋಹಿತ ಬರುತ್ತಿದೆ: 1063, 1133, 1296ರಲ್ಲಿ ಚೂಪು ಶಿಖರಗಳು, 1400ರ ಆಸುಪಾಸಿನಲ್ಲಿ ದೊಡ್ಡ ದಿಬ್ಬ. ತಪ್ಪೆಲ್ಲಿ?

ಉತ್ತರ: ನೀವು ಅಳೆಯುತ್ತಿರುವುದು ಮೇಣವನ್ನು! ಆಸ್ಪತ್ರೆಯಲ್ಲಿ ತುಂಡನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಕೊಯ್ದಿರುತ್ತಾರೆ. ಆ ಮೂರೂ ಪ್ಯಾರಾಫಿನ್ ಶಿಖರಗಳು. ದಿಬ್ಬ ಸ್ಲೈಡಿನ ಗಾಜಿನದು. ಕ್ಸೈಲೀನ್ ಎಂಬ ದ್ರಾವಕದಲ್ಲಿ ತೊಳೆದರೆ ಮೇಣ ಹೋಗುತ್ತದೆ, ಆದರೆ ಪೂರ್ತಿ ಹೋಗದಿರಬಹುದು. 1063 ಮತ್ತು 1133 ಮಾಯವಾದವೇ ಎಂದು ನೋಡಿಕೊಳ್ಳಿ. ಮೇಣದ ಜೊತೆ ಅಂಗಾಂಶದ ಕೊಬ್ಬೂ ತೊಳೆದುಹೋಗುವುದರಿಂದ ಆಮೇಲೆ 1440ನ್ನು ನಂಬಿ ತೀರ್ಮಾನಿಸಬೇಡಿ. ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರವ) ಮುಟ್ಟದ, ಕೂಡಲೇ ಹೆಪ್ಪುಗಟ್ಟಿಸಿದ ತುಂಡು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. 10ರಿಂದ 20 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಗಾಜಿನ ಬದಲು ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ ಮೇಲಿಡಿ. ಇಡೀ ತುಂಡಾದರೆ ರಕ್ತವನ್ನು ಸಲೈನಿನಲ್ಲಿ ಮೆಲ್ಲಗೆ ತೊಳೆದು, ಒಣಗದಂತೆ ಒದ್ದೆಯಾಗಿಯೇ ಇಟ್ಟು ಅಳೆಯಿರಿ. ಕೋಣೆಯ ದೀಪ ಆರಿಸಿ. ದಿನವೂ ಮೊದಲು ಸಿಲಿಕಾನ್ ಚೂರು ಇಟ್ಟು ಶಿಖರ 520.7ರಲ್ಲೇ ಇದೆಯೇ ನೋಡಿ. ಒಂದೆರಡು ಅಂಕ ಸರಿದಿದ್ದರೂ ನಿನ್ನೆಯ ರೋಹಿತಕ್ಕೂ ಇಂದಿನದಕ್ಕೂ ತಾಳೆಯಾಗದು.

ಪ್ರಶ್ನೆ: 12 ರೋಗಿಗಳಿಂದ 600 ರೋಹಿತ ತೆಗೆದೆವು. ಯಾವುದು ಗಡ್ಡೆ, ಯಾವುದು ಅಲ್ಲ ಎಂದು ಕಂಪ್ಯೂಟರ್ ಶೇ. 98 ಸರಿ ಹೇಳುತ್ತಿದೆ. ಪ್ರಕಟಿಸಬಹುದೇ?

ಉತ್ತರ: ತಡೆಯಿರಿ. 600ನ್ನು ಕಲಸಿ, ಯಂತ್ರಕ್ಕೆ ಕಲಿಸಲು ಕೆಲವು, ಪರೀಕ್ಷಿಸಲು ಕೆಲವು ಎಂದು ಹಂಚಿದ್ದರೆ ಒಬ್ಬರದೇ ರೋಹಿತಗಳು ಕಲಿಕೆಗೂ ಪರೀಕ್ಷೆಗೂ ಹೋಗಿರುತ್ತವೆ. ಯಂತ್ರ ಗುರುತಿಸಿದ್ದು ಗಡ್ಡೆಯನ್ನೋ ರೋಗಿಯನ್ನೋ ಹೇಳಲಾಗದು. ಒಬ್ಬ ರೋಗಿಯ ಎಲ್ಲ ರೋಹಿತಗಳನ್ನೂ ಹೊರಗಿಟ್ಟು ಉಳಿದ 11 ಜನರದ್ದರಿಂದ ಕಲಿಸಿ, ಹೊರಗಿಟ್ಟವುಗಳ ಮೇಲೆ ಪರೀಕ್ಷಿಸಿ. ಹೀಗೆ 12 ಸಲ ಮಾಡಿ. ನಿಮ್ಮ ಬಳಿ ಇರುವುದು 12 ಮಾದರಿ, 600 ಅಲ್ಲ.