ಮಾಲೆಯಿಂದ ಗಾನ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ದಕ್ಷಿಣದ ಗಾನ್ ದ್ವೀಪಕ್ಕೆ ಒಂದು ವೆಬ್‌ಸೈಟು 542 ಕಿ.ಮೀ. ಅನ್ನುತ್ತೆ, ಇನ್ನೊಂದು 545. ಹಾರಾಟದ ಸಮಯ ಒಂದು ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ 40 ನಿಮಿಷ, ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ. ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ದೂರದ ಮಟ್ಟಿಗೆ ಎರಡೂ ಸರಿ. ಸಮಯಕ್ಕೆ ಟಿಕೆಟನ್ನೇ ನಂಬಿ.

ದೂರವನ್ನು ನೀವೇ ಲೆಕ್ಕ ಹಾಕಬಹುದು. ಮಾಲೆಯ ವೆಲಾನಾ ವಿಮಾನ ನಿಲ್ದಾಣ ಸುಮಾರು 4.19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಗಾನ್ 0.69 ಡಿಗ್ರಿ ದಕ್ಷಿಣದಲ್ಲಿ. ನಡುವೆ ಸಮಭಾಜಕ ವೃತ್ತ ಇರುವುದರಿಂದ ಇಲ್ಲಿ ಕಳೆಯಬಾರದು, ಕೂಡಬೇಕು: 4.88 ಡಿಗ್ರಿ. ದಕ್ಷಿಣ ಅಕ್ಷಾಂಶಕ್ಕೆ ಹಾಕುವ ಮೈನಸ್ ಚಿಹ್ನೆ ಮರೆತು ಕಳೆದವರಿಗೆ 390 ಕಿ.ಮೀ. ಆಸುಪಾಸಿನ ಉತ್ತರ ಬರುತ್ತೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿಯಂತೆ 293. ರೇಖಾಂಶದ ವ್ಯತ್ಯಾಸ ಬರೀ 0.37 ಡಿಗ್ರಿ, ಅದನ್ನು ಸೇರಿಸಿದರೂ 294 ದಾಟಲ್ಲ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.ಯಂತೆ ಸುಮಾರು 544 ಕಿ.ಮೀ. ಭೂಮಿಯನ್ನು ಪೂರ್ತಿ ಗುಂಡಗಿನ ಗೋಳ ಅಂದುಕೊಂಡ ಸೈಟು 545 ತೋರಿಸುತ್ತೆ. ಧ್ರುವಗಳಲ್ಲಿ ಚಪ್ಪಟೆ ಅಂತ ಲೆಕ್ಕಕ್ಕೆ ತಗೊಂಡ ಸೈಟು 542 ಕೊಡುತ್ತೆ.

40 ನಿಮಿಷ ಬಂದಿದ್ದು ಎಲ್ಲಿಂದ? ಆ ಕ್ಯಾಲ್ಕುಲೇಟರ್ ದೂರವನ್ನು ಜೆಟ್ ವೇಗಕ್ಕೆ, ಗಂಟೆಗೆ 800 ಕಿ.ಮೀ.ಗೆ, ಭಾಗಿಸಿದೆ ಅಷ್ಟೆ. ಈ ಮಾರ್ಗದಲ್ಲಿ ಸಾಮಾನ್ಯವಾಗಿ ಹಾರುವುದು ಡ್ಯಾಶ್ 8, ಎಟಿಆರ್‌ನಂಥ ಟರ್ಬೊಪ್ರಾಪ್‌ಗಳು, ಅಂದರೆ ಪ್ರೊಪೆಲ್ಲರ್ ಇರುವ ವಿಮಾನಗಳು. ಅವುಗಳ ವೇಗ ಹೆಚ್ಚೆಂದರೆ 500 ಕಿ.ಮೀ. ಚಿಲ್ಲರೆ. ಅಲ್ಲಿಗೇ ಒಂದು ಗಂಟೆ ಐದು ನಿಮಿಷ ಆಯ್ತು. ಏರುವಾಗ ಇಳಿಯುವಾಗ ವೇಗ ಕಡಿಮೆ. ಜೊತೆಗೆ ವೆಲಾನಾದ ರನ್‌ವೇ ಉತ್ತರ-ದಕ್ಷಿಣ, ಗಾನ್‌ನದು ಹೆಚ್ಚುಕಮ್ಮಿ ಪೂರ್ವ-ಪಶ್ಚಿಮ. ಉತ್ತರದಿಂದ ಬಂದ ವಿಮಾನ ಇಳಿಯುವ ಮುಂಚೆ ತಿರುಗಲೇಬೇಕು. ವಿಮಾನ ನಿಲ್ದಾಣದಲ್ಲಿ ನೆಲದ ಮೇಲೆ ಸಾಗುವ (ಟ್ಯಾಕ್ಸಿ) ಹೊತ್ತೂ ಟಿಕೆಟ್‌ನ ಸಮಯದಲ್ಲಿ ಸೇರಿರುತ್ತೆ, ಕ್ಯಾಲ್ಕುಲೇಟರ್‌ನಲ್ಲಿ ಇರಲ್ಲ.

ಗಾಳಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮಾರ್ಗ ನೆಟ್ಟಗೆ ಉತ್ತರ-ದಕ್ಷಿಣ, ಮುಂಗಾರಿನ ಗಾಳಿ ಬಹುಪಾಲು ಪಶ್ಚಿಮದ ಕಡೆಯಿಂದ ಅಡ್ಡ ಬೀಸುತ್ತೆ. 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಅಡ್ಡಗಾಳಿ ಇದ್ದರೂ ಒಂದು ನಿಮಿಷ ಕೂಡ ವ್ಯತ್ಯಾಸ ಆಗಲ್ಲ. ತಡ ಆಗುವುದು ಮಳೆಮೋಡ ಸುತ್ತಿ ಹೋಗಬೇಕಾದಾಗ, ಇಲ್ಲವೇ ಮಾಲೆಯ ದಟ್ಟಣೆಯಲ್ಲಿ ಸರದಿ ಕಾಯುವಾಗ. ಟಿಕೆಟ್‌ನಲ್ಲಿ ಎರಡು ಗಂಟೆ ದಾಟಿದ್ದರೆ ನಡುವೆ ಇನ್ನೊಂದು ದ್ವೀಪದಲ್ಲಿ ನಿಲ್ಲುತ್ತೆ ಅಂತಲೇ ಅರ್ಥ. ಬುಕ್ ಮಾಡುವಾಗ "ಸ್ಟಾಪ್" ಅಂಕಣ ನೋಡಿಕೊಳ್ಳಿ.

ಜನ ನಿಜವಾಗಿ ಎಡವುವುದು ಗಡಿಯಾರದಲ್ಲಿ. ಅನೇಕ ರೆಸಾರ್ಟ್‌ಗಳು ಮಾಲೆಗಿಂತ ಒಂದು ಗಂಟೆ ಮುಂದೆ ಗಡಿಯಾರ ಇಟ್ಟುಕೊಂಡಿರುತ್ತವೆ. ಟಿಕೆಟ್‌ನಲ್ಲಿರುವುದು ಯಾವಾಗಲೂ ಮಾಲೆ ಸಮಯ, ಅಂದರೆ ಗ್ರೀನಿಚ್‌ಗಿಂತ 5 ಗಂಟೆ ಮುಂದೆ. ವಾಪಸ್ ಬರುವಾಗ ಕಾರೋ ಬೋಟೋ ಎಷ್ಟಕ್ಕೆ ಹೊರಡುತ್ತೆ ಅಂತ ಕೇಳುವಾಗ ಯಾವ ಸಮಯ ಅನ್ನೋದನ್ನೂ ಕೇಳಿ. ಮಾಲೆಯಲ್ಲಿ ದೇಶೀಯ ಟರ್ಮಿನಲ್ ಬೇರೆ. ಅಂತಾರಾಷ್ಟ್ರೀಯ ವಿಮಾನಕ್ಕೆ ಎರಡೂವರೆ ಗಂಟೆಯಾದರೂ ಬಿಡುವು ಬಿಡಿ.

ಕಿಟಕಿ ಸೀಟು ಸಿಕ್ಕರೆ ಇಳಿಯುವ ಹತ್ತು-ಹನ್ನೆರಡು ನಿಮಿಷ ಮೊದಲು ಕೆಳಗೆ ನೋಡಿ. ಹುವಧು ಹವಳದ್ವೀಪಗಳ ಸಾಲು ಮುಗಿದು ಬರೀ ಸಮುದ್ರ ಕಾಣುವ ಜಾಗದಲ್ಲೇ ಸಮಭಾಜಕ ಸಿಗುತ್ತೆ. ಪೈಲಟ್ ಹೇಳಿದರೆ ಹೇಳಿದ, ಇಲ್ಲದಿದ್ದರೆ ಫೋನಿನ ಜಿಪಿಎಸ್‌ನಲ್ಲಿ ಅಕ್ಷಾಂಶ ಸೊನ್ನೆ ಆಗುವುದನ್ನು ನೀವೇ ನೋಡಬಹುದು. ಫ್ಲೈಟ್ ಮೋಡ್‌ನಲ್ಲಿದ್ದರೂ ಸಾಮಾನ್ಯವಾಗಿ ಜಿಪಿಎಸ್ ಕೆಲಸ ಮಾಡುತ್ತೆ.