ಹಿಂದಿನ ಮಧ್ಯದ ಸೀಟಿನಲ್ಲಿ ಹಿಡಿಸುವ ಬೂಸ್ಟರ್ ಸೀಟು ಯಾವುದು?

ಮಗನಿಗೆ ಐದು ವರ್ಷ, ತೂಕ 17 ಕೆ.ಜಿ., ಎತ್ತರ 106 ಸೆಂ.ಮೀ.; ಅಜ್ಜ ಅಜ್ಜಿಯರ ನಡುವೆ ಹಿಡಿಸುವಂಥ, ಹತ್ತು ಹನ್ನೆರಡು ವರ್ಷದವರೆಗೂ ಬಾಳುವಂಥ, ಬೆನ್ನಿಲ್ಲದ ಬೂಸ್ಟರ್ (ಕಾರಿನಲ್ಲಿ ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಯಾವುದೆಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇವೇ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಟೇಪು ಹಿಡಿದು ಕಾರಿನ ಹಿಂದಿನ ಸೀಟನ್ನು ಅಳೆದವನು ನಾನು. ಆದ್ದರಿಂದ ಬ್ರಾಂಡಿನ ಹೆಸರು ಹೇಳುವ ಬದಲು, ಮಧ್ಯದ ಸೀಟಿನ ಯೋಚನೆಯನ್ನೇ ಬಿಟ್ಟುಬಿಡಿ ಎಂದು ಹೇಳುತ್ತೇನೆ.

ನಮ್ಮ ಕೆಲಸ ಬೆಂಗಳೂರಿನಲ್ಲಿ, ಊರು ಶಿವಮೊಗ್ಗದ ಕಡೆ. ಹಬ್ಬಕ್ಕೋ ಮದುವೆಗೋ ಹೊರಟಾಗ ನಾನು, ಹೆಂಡತಿ, ಅಪ್ಪ, ಅಮ್ಮ, ಮಗಳು ಐವರೂ ಒಂದೇ ಹಳೆಯ ಹ್ಯಾಚ್‌ಬ್ಯಾಕ್‌ನಲ್ಲಿ ಹೋಗುತ್ತಿದ್ದೆವು. ಮಗಳ ಹಾರ್ನೆಸ್ (ಮಗುವನ್ನು ಕಟ್ಟಲು ಸೀಟಿಗೇ ಇರುವ ಪಟ್ಟಿಗಳು) ಇದ್ದ ಸೀಟು ಬಹಳ ಅಗಲವಾಗಿದ್ದು, ಮಂಡಿನೋವಿನ ಅಮ್ಮ ಬಾಗಿಲಿಗೆ ಒತ್ತಿಕೊಂಡು ಕೂರಬೇಕಾಗುತ್ತಿತ್ತು. ಮಗಳಿಗೂ ಐದು ತುಂಬುತ್ತಿತ್ತು, ಬೂಸ್ಟರ್‌ನ ಡಬ್ಬದ ಮೇಲೆ 15ರಿಂದ 36 ಕೆ.ಜಿ. ಎಂದು ಅಚ್ಚಾಗಿತ್ತು, ಬೆಲೆಯೂ ಕಡಿಮೆಯಿತ್ತು. ಹಿಂದಿನ ಸೀಟಿನ ನಡುಭಾಗ ಎರಡೂ ಬಾಗಿಲುಗಳಿಂದ ದೂರವಿರುವುದರಿಂದ ಅದೇ ಅತ್ಯಂತ ಸುರಕ್ಷಿತ ಎಂದು ಎಲ್ಲೋ ಓದಿದ್ದೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ, ಆದರೆ ಅಲ್ಲಿ ಎಂಥ ಬೆಲ್ಟ್ ಇದೆ ಎಂಬ ಪ್ರಶ್ನೆಯನ್ನು ಬಿಟ್ಟು ಅದನ್ನು ಓದಬಾರದಿತ್ತು. ಹೀಗೆ ಹಾರ್ನೆಸ್ ಸೀಟು ಅಟ್ಟ ಸೇರಿತು, ಅಜ್ಜ ಅಜ್ಜಿಯರ ನಡುವೆ ಪುಟ್ಟ ಬೂಸ್ಟರ್ ಬಂದಿತು.

ಆ ಕಾಲದ ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಂತೆ ನಮ್ಮ ಕಾರಿನಲ್ಲೂ ಹಿಂದಿನ ಎರಡು ಪಕ್ಕದ ಜಾಗಗಳಿಗೆ ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟ್ ಇತ್ತು. ನಡುವಿನ ಜಾಗಕ್ಕೆ ಇದ್ದದ್ದು ಸೊಂಟದ ಪಟ್ಟಿ ಮಾತ್ರ. ನಾನು ಅದನ್ನು ನೋಡಿದ್ದೆ, ಕೈಯಾರೆ ಬಿಗಿಮಾಡಿಯೂ ಇದ್ದೆ. ಬಕಲ್ ಕಚ್ಚಿಕೊಂಡ ಸದ್ದು ಕೇಳಿದ ಮೇಲೆ ಮಗು ಭದ್ರವಾಗಿದೆ ಎಂದೇ ನಂಬಿದ್ದೆ.

ಕಡೂರು ದಾಟಿದ ಮೇಲೆ ಒಂದು ಊರಿನ ಅಂಚಿನಲ್ಲಿ, ಬಿಳಿಬಣ್ಣ ಬಳಿಯದ ಹಂಪ್ ಕಂಡು ಮುಂದಿದ್ದ ಲಾರಿ ಥಟ್ಟನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಕಾರು ಯಾವುದಕ್ಕೂ ತಾಗಲಿಲ್ಲ, ದೀಪವೊಂದೂ ಒಡೆಯಲಿಲ್ಲ. ಆದರೆ ಮಗಳ ಮೈ ಸೊಂಟದಲ್ಲಿ ಎರಡಾಗಿ ಮಡಿಚಿ, ಬಾಯಿ ನೇರವಾಗಿ ಮುಂದಿನ ಎರಡು ಸೀಟುಗಳ ನಡುವಿನ ಪ್ಲಾಸ್ಟಿಕ್ ಕನ್ಸೋಲಿನ ಅಂಚಿಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು, ಮುಂದಿನ ಒಂದು ಹಲ್ಲು ಹೋಯಿತು. ಹಾಲುಹಲ್ಲು ತಾನೇ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡೆವು. ರಾತ್ರಿ ಊರಿನಲ್ಲಿ ಅವಳು ಊಟ ಬೇಡವೆಂದು ಹೊಟ್ಟೆ ಹಿಡಿದುಕೊಂಡು ಮಲಗಿದಾಗ ಹೆಂಡತಿ ಫ್ರಾಕ್ ಎತ್ತಿ ನೋಡಿದಳು. ಹೊಕ್ಕುಳಿನ ಮೇಲೆ, ಬೆಲ್ಟಿನಷ್ಟೇ ಅಗಲಕ್ಕೆ, ಗೆರೆ ಎಳೆದಂತೆ ನೇರವಾದ ನೀಲಿ ಪಟ್ಟಿ ಮೂಡಿತ್ತು. ಆಸ್ಪತ್ರೆಯ ವೈದ್ಯರು ಹಲ್ಲಿನ ವಿಷಯವನ್ನು ಅಷ್ಟಾಗಿ ಕೇಳಲಿಲ್ಲ, ಬೆಲ್ಟ್ ಎಲ್ಲಿತ್ತು ಎಂಬುದನ್ನೇ ತಿರುಗಿ ತಿರುಗಿ ಕೇಳಿದರು. ಕರುಳಿಗೆ ಪೆಟ್ಟಾಗಿದ್ದರೆ ತಕ್ಷಣ ತಿಳಿಯದೆಯೂ ಇರಬಹುದು ಎಂದು ಸ್ಕ್ಯಾನ್ ಮಾಡಿಸಿ, ರಾತ್ರಿಯೆಲ್ಲ ಅಲ್ಲೇ ಇರಿಸಿಕೊಂಡರು. ಒಳಗೆ ಏನೂ ಆಗಿರಲಿಲ್ಲ.

ಇಲ್ಲಿ ಆದ ತಪ್ಪನ್ನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಯವರು ಯಾರೂ ಇದನ್ನು ಹೇಳುವುದಿಲ್ಲ. ಬೂಸ್ಟರ್ ಸೀಟು ಮಗುವನ್ನು ಹಿಡಿದುಕೊಳ್ಳುವ ಸಾಧನವೇ ಅಲ್ಲ; ಹಿಡಿದುಕೊಳ್ಳುವುದು ಕಾರಿನ ಬೆಲ್ಟ್. ದೊಡ್ಡವರ ಮೈಗೆಂದು ಮಾಡಿದ ಆ ಬೆಲ್ಟ್ ಮಗುವಿನ ಮೈಮೇಲೆ ಸರಿಯಾದ ಎರಡು ಜಾಗಗಳಲ್ಲಿ ಹಾದುಹೋಗುವಂತೆ ಮಗುವನ್ನು ಎತ್ತರಿಸುವುದಷ್ಟೇ ಬೂಸ್ಟರ್‌ನ ಕೆಲಸ. ಮೇಲಿನ ಪಟ್ಟಿ ಕುತ್ತಿಗೆಗೂ ಭುಜದ ತುದಿಗೂ ನಡುವೆ ಇಳಿಯಬೇಕು, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲದೆ ತೊಡೆಯ ಬುಡಕ್ಕೆ ಅಂಟಿಕೊಂಡಂತೆ ಕೂರಬೇಕು. ದೊಡ್ಡವರಲ್ಲಿ ಸೊಂಟದ ಎಲುಬಿನ ಮುಂಭಾಗದ ಏಣು ಕೆಳಗಿನ ಪಟ್ಟಿಯನ್ನು ತಡೆದು ನಿಲ್ಲಿಸುತ್ತದೆ. ಐದಾರು ವರ್ಷದ ಮಕ್ಕಳಲ್ಲಿ ಆ ಏಣು ಇನ್ನೂ ಬಲಿತಿರುವುದಿಲ್ಲವಾದ್ದರಿಂದ, ಜೋರಾಗಿ ಬ್ರೇಕ್ ಬಿದ್ದಾಗ ಪಟ್ಟಿ ಜಾರಿ ಮೇಲಕ್ಕೇರಿ, ಎಲುಬಿನ ಬದಲು ಮೆತ್ತನೆಯ ಹೊಟ್ಟೆಯನ್ನೂ ಅದರ ಹಿಂದಿನ ಬೆನ್ನುಹುರಿಯ ಜಾಗವನ್ನೂ ಒತ್ತುತ್ತದೆ. ಬೂಸ್ಟರ್‌ನ ಎರಡು ಬದಿಗಳಲ್ಲಿ ಕೈಯಂತೆ ಎದ್ದಿರುವ ಕೊಕ್ಕೆಗಳು ಇರುವುದು ಆ ಪಟ್ಟಿಯನ್ನು ಕೆಳಗೇ ಹಿಡಿದಿಡಲು. ಭುಜದ ಪಟ್ಟಿಯೇ ಇಲ್ಲದ ಕಡೆ ಬೂಸ್ಟರ್ ಇಟ್ಟರೆ ಮೇಲಿನ ಅರ್ಧ ಮೈಯನ್ನು ತಡೆಯುವವರು ಯಾರೂ ಇರುವುದಿಲ್ಲ. ಮಗು ಎತ್ತರದಲ್ಲಿ ಕೂತಿರುವುದರಿಂದ ತಲೆ ಇನ್ನೂ ಮುಂದಕ್ಕೆ ಹೋಗಿ ಬಡಿಯುತ್ತದೆ. ಸೊಂಟದ ಪಟ್ಟಿ ಮಾತ್ರ ಇರುವ ಸೀಟಿನಲ್ಲಿ ಇದನ್ನು ಬಳಸಬಾರದೆಂಬ ಅಡ್ಡಗೆರೆ ಎಳೆದ ಚಿತ್ರ ನಮ್ಮ ಬೂಸ್ಟರ್‌ನ ತಳಕ್ಕೇ ಅಂಟಿಸಿತ್ತು. ಅದನ್ನು ಬೋರಲು ಹಾಕಿ ನೋಡಿದ್ದು ಆಸ್ಪತ್ರೆಯಿಂದ ಬಂದ ಮೇಲೆ.

ನಿಮ್ಮದು ಹೊಸ ಕಾರಾಗಿದ್ದು ಮಧ್ಯದಲ್ಲಿಯೂ ಮೂರು ಬಿಂದುಗಳ ಬೆಲ್ಟ್ ಇರಬಹುದು. ಆಗಲೂ ನನ್ನ ಅಭಿಪ್ರಾಯ ಬದಲಾಗದು. ಚಿಕ್ಕ ಕಾರುಗಳ ಹಿಂದಿನ ಸೀಟು ನಡುವೆ ಉಬ್ಬಿರುವುದರಿಂದ ಬೂಸ್ಟರ್ ಅಲ್ಲಾಡುತ್ತದೆ, ಬಕಲ್ ಅದರ ಕೆಳಗೆ ಹೂತುಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂವರು ಒತ್ತಿಕೊಂಡು ಕೂತಾಗ ಅಜ್ಜ ಅಜ್ಜಿಯರಿಗೆ ತಮ್ಮ ಬೆಲ್ಟಿನ ಬಕಲ್ ಕೈಗೇ ಸಿಗುವುದಿಲ್ಲ, ಅವರು ಬೆಲ್ಟ್ ಹಾಕುವುದನ್ನೇ ಬಿಡುತ್ತಾರೆ. ಬೆಲ್ಟ್ ಹಾಕದ ಅರವತ್ತು ಕಿಲೋ ತೂಕದ ದೊಡ್ಡವರು ಪಕ್ಕದಲ್ಲಿದ್ದರೆ ಅಪಘಾತದಲ್ಲಿ ಮಗುವಿನ ಮೇಲೆ ಬೀಳುವವರು ಅವರೇ. ನಮ್ಮ ಅಪ್ಪನ ಕಡೆಯ ಬಕಲ್ ಅಂತೂ ಸೀಟ್ ಕವರ್ ಹೊಲಿಸಿದ ದಿನದಿಂದ ರೆಕ್ಸಿನ್ ಒಳಗೇ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್‌ಘರ್ ಬಳಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಪ್ರಯಾಣಿಸುವಾಗ ಸತ್ತ ಸುದ್ದಿ ಬಂದ ಮೇಲೆಯೇ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಅದನ್ನು ಹೊರಗೆಳೆದೆವು.

ಇನ್ನು ಬೆನ್ನಿಲ್ಲದ ಬೂಸ್ಟರ್‌ನ ಮಾತು. ಮಗುವಿನ ಸೀಟನ್ನು ಶಾಲೆಯ ಯೂನಿಫಾರ್ಮಿನಂತೆ ಒಂದು ಸೈಜು ದೊಡ್ಡದು ತಂದು ಅಂಚು ಮಡಿಚಿ ಹೊಲಿಸಲಾಗುವುದಿಲ್ಲ. ಯುರೋಪಿನ ನಿಯಮದಲ್ಲಿ 2017ರಿಂದ ಹೊಸದಾಗಿ ಒಪ್ಪಿಗೆ ಪಡೆಯುವ ಬೆನ್ನಿಲ್ಲದ ಬೂಸ್ಟರ್‌ಗಳು 125 ಸೆಂ.ಮೀ.ಗಿಂತ ಎತ್ತರದ ಮಕ್ಕಳಿಗೆ ಮಾತ್ರ, 15 ಕೆ.ಜಿ.ಯಿಂದಲೇ ಆಗುತ್ತದೆ ಎಂಬ ಅಚ್ಚು ಅದಕ್ಕಿಂತ ಹಿಂದಿನ ಒಪ್ಪಿಗೆಯ ಲೆಕ್ಕ. 106 ಸೆಂ.ಮೀ. ಇರುವ ನಿಮ್ಮ ಮಗನಿಗೆ ಅದಕ್ಕೆ ಇನ್ನೂ ಕೆಲವು ವರ್ಷಗಳಿವೆ. ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ಯಾವ ಎತ್ತರಕ್ಕೆ ಯಾವ ಸೀಟು ಎಂಬುದನ್ನು ಆ ಕಲಮು ಹೇಳುವುದಿಲ್ಲವಾದ್ದರಿಂದ ಅದನ್ನು ಲೇಬಲ್ ಓದಿ ನಾವೇ ನೋಡಿಕೊಳ್ಳಬೇಕು. ಕೊಳ್ಳುವಾಗ ಮಕ್ಕಳ ಸೀಟುಗಳ ಹೊಸ ಸುರಕ್ಷತಾ ಮಾನದಂಡವಾದ ಆರ್129 ಎಂಬ ಗುರುತಿಗೆ ಆದ್ಯತೆ ಕೊಡಿ. ಹಳೆಯ ಆರ್44ರಲ್ಲಿ ಇಲ್ಲದ ಪಕ್ಕದ ಡಿಕ್ಕಿಯ ಪರೀಕ್ಷೆ ಅದರಲ್ಲಿದೆ, ವಿಂಗಡಣೆಯೂ ಮಗುವಿನ ಎತ್ತರದ ಮೇಲೆ ನಡೆಯುತ್ತದೆ.

ವಾಸ್ತವವಾಗಿ ನೀವು ಈಗಲೇ ಸೀಟು ಬದಲಿಸಬೇಕೆಂದೂ ನನಗೆ ಅನಿಸುವುದಿಲ್ಲ. ನಿಮ್ಮ ಹಾರ್ನೆಸ್ ಸೀಟಿನ ಮಿತಿ 18 ಕೆ.ಜಿ. ಎಂದಿದ್ದೀರಿ, ಮಗು ಇನ್ನೂ 17ರಲ್ಲಿದೆ. ಭುಜದ ಪಟ್ಟಿ ಹೊರಬರುವ ಅತ್ಯಂತ ಮೇಲಿನ ತೂತು ಅವನ ಭುಜದ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಮೇಲೋ ಇದ್ದು, ತಲೆ ಸೀಟಿನ ಬೆನ್ನಿಗಿಂತ ಮೇಲೆ ಹೋಗದಿದ್ದರೆ ಅದರಲ್ಲೇ ಕೂರಿಸಿ. ಭುಜ ಆ ತೂತನ್ನು ದಾಟಿದ್ದರೆ ಬೆನ್ನು ಮತ್ತು ತಲೆಯ ಪಕ್ಕಗಳಿರುವ, ತಲೆಯ ಭಾಗವನ್ನು ಮೇಲೆ ಕೆಳಗೆ ಸರಿಸಬಹುದಾದ, 100ರಿಂದ 150 ಸೆಂ.ಮೀ.ಯ ಬೂಸ್ಟರ್ ತನ್ನಿ. ನಮ್ಮ ಮಕ್ಕಳು ತುಮಕೂರು ಬರುವ ಮೊದಲೇ ನಿದ್ದೆ ಹೋಗುತ್ತಾರೆ. ಬೆನ್ನಿಲ್ಲದ ಬೂಸ್ಟರ್‌ನಲ್ಲಿ ಮಲಗಿದ ಮಗು ಪಕ್ಕಕ್ಕೆ ವಾಲಿದ ಕ್ಷಣಕ್ಕೆ ಭುಜದ ಪಟ್ಟಿ ತೋಳಿಗೆ ಜಾರಿರುತ್ತದೆ. ಬೆನ್ನಿರುವ ಸೀಟಿನಲ್ಲಿ ತಲೆಗೆ ಆಸರೆಯಿದೆ, ಪಟ್ಟಿ ತೂರಿಸುವ ಕೊಂಡಿಯೂ ಇದೆ. ಐಸೋಫಿಕ್ಸ್ (ಸೀಟನ್ನು ನೇರವಾಗಿ ಕಾರಿನ ಕೊಂಡಿಗಳಿಗೆ ಸಿಕ್ಕಿಸುವ ವ್ಯವಸ್ಥೆ) ಇದ್ದರೆ ಒಳ್ಳೆಯದು, ಆದರೆ ಬೂಸ್ಟರ್‌ನಲ್ಲಿ ಅದು ಸೀಟನ್ನು ಕದಲದಂತೆ ಇಡುತ್ತದೆಯೇ ಹೊರತು ಮಗುವನ್ನು ಹಿಡಿಯುವುದಿಲ್ಲ. ಅದಿಲ್ಲದಿದ್ದರೆ ಮಗು ಇಲ್ಲದಾಗಲೂ ಖಾಲಿ ಸೀಟಿಗೆ ಬೆಲ್ಟ್ ಹಾಕಿಡಿ, ಇಲ್ಲವೆಂದರೆ ಬ್ರೇಕ್ ಒತ್ತಿದಾಗ ಅದೇ ಹಾರಿಬರುತ್ತದೆ. ಕೊಳ್ಳುವ ಮೊದಲು ಮಗನನ್ನೂ ಕಾರನ್ನೂ ಅಂಗಡಿಯ ತನಕ ಕರೆದೊಯ್ದು ಕೂರಿಸಿ ನೋಡಿ. ಕಾಲು ಚಾಚಿ ಜಾರಿ ಕೂತರೆ ಪಟ್ಟಿ ತೊಡೆಯಿಂದ ಹೊಟ್ಟೆಗೆ ಏರುವುದನ್ನು ಕಣ್ಣಾರೆ ಕಾಣುತ್ತೀರಿ.

ಹಾಗಾದರೆ ಅಜ್ಜ ಅಜ್ಜಿಯರು ಎಲ್ಲಿ ಕೂರಬೇಕು ಎಂದು ನೀವು ಕೇಳಿಯೇ ಕೇಳುತ್ತೀರಿ. ನಮ್ಮ ಮನೆಯಲ್ಲಿ ಮಗಳು ಎಡಗಡೆಯ ಕಿಟಕಿಗೆ ಬಂದಳು, ಹೆಂಡತಿ ಅವಳೊಂದಿಗೆ ಹಿಂದೆ ಬಲಗಡೆ ಕೂತಳು, ಅಮ್ಮ ಮಂಡಿ ಚಾಚಲು ಅನುಕೂಲವೆಂದು ಮುಂದೆ ಕೂತರು, ಅಪ್ಪ ಶಿವಮೊಗ್ಗದ ರೈಲು ಹತ್ತಿದರು. ಮಗ ಕಾರಿನಲ್ಲಿ ಜಾಗ ಕೊಡಲಿಲ್ಲವೆಂದು ಅವರು ನೆಂಟರ ಮುಂದೆ ಬಹಳ ದಿನ ಹೇಳಿಕೊಂಡು ತಿರುಗಿದರು. ಈಗ ಕಿಟಕಿ ಪಕ್ಕದ ಸೀಟು ಸಿಗುವ ಹಾಗೆ ಮುಂಚಿತವಾಗಿ ಟಿಕೆಟ್ ಮಾಡಿಸಿಕೊಳ್ಳುತ್ತಾರೆ. ನಿಮ್ಮ ಕಾರು ಯಾವುದು, ಮಗನ ಭುಜ ಹಾರ್ನೆಸ್‌ನ ಮೇಲಿನ ತೂತಿಗೆ ಎಲ್ಲಿ ಬರುತ್ತದೆ ಎಂಬುದನ್ನು ತಿಳಿಸಿದರೆ ಈಗಿನ ಸೀಟಿನಲ್ಲೇ ಮುಂದುವರಿಸಬಹುದೇ ಎಂದು ನೋಡಿ ಹೇಳುತ್ತೇನೆ.